ಸಿಡಿಲಿನ ಡಬ್ಬಿಗಿಂತ ಮೊದಲು ಅರ್ಥಿಂಗ್ ನೋಡಿರಿ

ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಗುರೂಜಿಯೊಬ್ಬರ ಮನೆ. ಪುಣೆಯಲ್ಲಿ ನೌಕರಿ ಮಾಡುವ ಮಗ ದೀಪಾವಳಿಗೆ ಬಂದಾಗ ಮೇನ್ ಬೋರ್ಡಿಗೆ ಒಂದು ಸರ್ಜ್ ಪ್ರೊಟೆಕ್ಟರ್ ಕೂಡಿಸಿ ಹೋಗಿದ್ದ. "ಇನ್ನ ಸಿಡಿಲಿನ ಚಿಂತಿ ಬ್ಯಾಡ ಅಪ್ಪಾ, ಇಡೀ ಮನಿಗೆ ಇದೊಂದ ಸಾಕು" ಎಂದು ಹೇಳಿದ್ದ. ಮುಂದೆ ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಗಾಳಿ ಬಿಟ್ಟಿತು. ಮಳೆ ಬರಲಿಲ್ಲ, ಸಿಡಿಲೂ ಹೊಡೆಯಲಿಲ್ಲ. ಆದರೆ ಪಡಸಾಲೆಯ ಬಲ್ಬು ಒಮ್ಮಿಂದೊಮ್ಮೆ ಕಣ್ಣು ಕುಕ್ಕುವಂತೆ ಉರಿಯಿತು, ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು, ಟಿವಿಯ ಹಿಂದಿನಿಂದ ಹೊಗೆ ಬಂತು. ಗುರೂಜಿ ಎದ್ದು ಹೋಗಿ ಮೇನ್ ಬಂದ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಟಿವಿ ಹೋಯಿತು. ಫ್ರಿಜ್ಜಿನ ಒಳಗಿನ ಬೋರ್ಡು ಹೋಯಿತು, ಅದರ ಕಂತು ಇನ್ನೂ ಏಳು ತಿಂಗಳು ಬಾಕಿ ಇತ್ತು. ಎರಡು ಮೊಬೈಲ್ ಚಾರ್ಜರ್, ಸೊಸೆಯ ಹೊಲಿಗೆ ಯಂತ್ರದ ಮೋಟಾರು ಸುಟ್ಟವು. ಸೊಸೆ ಬ್ಲೌಸು ಹೊಲಿದು ಮನೆಯ ಸಂತೆ ಖರ್ಚು ನೋಡುತ್ತಿದ್ದವಳು. ಲಗ್ನದ ಸೀಜನ್ನಿನಲ್ಲಿ ಎರಡು ವಾರ ಕೈ ಕಟ್ಟಿ ಕೂಡಬೇಕಾಯಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ಎದುರಿನ ಮನೆಯಲ್ಲಿ ಬಲ್ಬು ಕೆಂಪಗೆ ಮಿಣಮಿಣ ಎನ್ನುತ್ತಿತ್ತಂತೆ.

ಮರುದಿನ ಲೈನಮನ್ ಕಂಬ ಹತ್ತಿ ನೋಡಿದ. "ಗುರೂಜಿ, ಇದು ಸಿಡಿಲಿನ ಕೆಲಸ ಅಲ್ರೀ. ಡಿಪಿ ಹತ್ರ ನ್ಯೂಟ್ರಲ್ ಕಡದ ಬಿಟ್ಟದ" ಎಂದ. ಗುರೂಜಿ ಬೋರ್ಡಿನಲ್ಲಿದ್ದ ಡಬ್ಬಿ ತೋರಿಸಿ, "ಮತ್ತ ಇದೇನ್ ಮಾಡ್ತಿತ್ತಪಾ ತಮ್ಮಾ?" ಎಂದು ಕೇಳಿದರು. ಡಬ್ಬಿಯ ಹಸಿರು ಕಿಂಡಿ ಕೆಂಪಾಗಿತ್ತು. ಅದೂ ಸತ್ತಿತ್ತು.

ಗುರೂಜಿಯವರ ಆ ಪ್ರಶ್ನೆಗೆ ಸರಿಯಾದ ಉತ್ತರ ಗಡಿಭಾಗದ ಪ್ರತಿ ಮನೆಗೂ ಬೇಕಾಗಿದೆ. ಯಾಕೆಂದರೆ ಈಗ ಅಂಗಡಿಯವರು "ಹೋಲ್ ಹೌಸ್ ಪ್ರೊಟೆಕ್ಷನ್" ಎಂದು ಹೇಳಿ ಈ ಡಬ್ಬಿ ಮಾರುತ್ತಿದ್ದಾರೆ, ಪಟ್ಟಣದಲ್ಲಿರುವ ಮಕ್ಕಳು ಹಳ್ಳಿಯ ಮನೆಗೆ ಕಳಿಸುತ್ತಿದ್ದಾರೆ. ಡಬ್ಬಿ ಸುಳ್ಳಲ್ಲ. ಆದರೆ ಅದು ಮಾಡುವ ಕೆಲಸ ಒಂದೇ. ಆ ಕೆಲಸ ಮಾಡಲಿಕ್ಕೂ ಅದರ ಕೆಳಗೆ ಬೇರೆ ಎರಡು ಸಂಗತಿ ಸರಿ ಇರಬೇಕು. ಅವನ್ನು ಬಿಟ್ಟು ಬರೀ ಡಬ್ಬಿ ಕೂಡಿಸುವುದು ಬುನಾದಿ ಇಲ್ಲದೆ ಸ್ಲ್ಯಾಬ್ ಹಾಕಿದಂತೆ.

ಸಿಡಿಲು ಬೇರೆ, ಹೈ ವೋಲ್ಟೇಜ್ ಬೇರೆ

ನಮ್ಮ ಕಡೆ ಸಾಮಾನು ಸುಟ್ಟರೆ ಎಲ್ಲದಕ್ಕೂ "ಹೈ ವೋಲ್ಟೇಜ್ ಬಂತು" ಎನ್ನುತ್ತಾರೆ. ಆದರೆ ಇಲ್ಲಿ ಎರಡು ಬೇರೆ ಬೇರೆ ರೋಗಗಳಿವೆ, ಔಷಧವೂ ಬೇರೆ.

ಮೊದಲನೆಯದು ಸರ್ಜ್. ದೂರದಲ್ಲೆಲ್ಲೋ ಲೈನಿನ ಮೇಲೆ ಅಥವಾ ಲೈನಿನ ಸಮೀಪ ಸಿಡಿಲು ಬಿದ್ದರೆ ಸಾವಿರಾರು ವೋಲ್ಟಿನ ಉಕ್ಕು ತಂತಿಯಲ್ಲಿ ಓಡಿ ಬರುತ್ತದೆ. ಅದರ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು, ಬಹಳವೆಂದರೆ ಕೆಲವು ನೂರು ಪಾಲು. ಎಂಸಿಬಿ ಬೀಳಲಿಕ್ಕೆ ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲಾದರೂ ಬೇಕು. ಅದು ಬೀಳುವ ಮೊದಲೇ ಉಕ್ಕು ಬಂದು ಹೋಗಿರುತ್ತದೆ. ಸ್ಟೆಬಿಲೈಸರ್ ಕಥೆಯೂ ಇದೇ. ಈ ಉಕ್ಕನ್ನು ಹಿಡಿಯಲಿಕ್ಕೆಂದೇ ಮಾಡಿದ್ದು ಸರ್ಜ್ ಪ್ರೊಟೆಕ್ಟರ್.

ಎರಡನೆಯದು ಗುರೂಜಿಯವರ ಮನೆಯಲ್ಲಿ ಆದದ್ದು. ಊರಿನ ಡಿಪಿಯಿಂದ ಮೂರು ಫೇಸು, ಒಂದು ನ್ಯೂಟ್ರಲ್ ಹೊರಡುತ್ತವೆ. ಒಂದೊಂದು ಫೇಸಿಗೆ ಇಷ್ಟಿಷ್ಟು ಮನೆ ಹಂಚಿರುತ್ತಾರೆ. ನ್ಯೂಟ್ರಲ್ ಸರಿ ಇದ್ದಾಗ ಪ್ರತಿ ಮನೆಗೆ 230 ವೋಲ್ಟ್ ಸಿಗುತ್ತದೆ. ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಜೋಡಿಯಾಗಿ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹೆಚ್ಚು ಲೋಡ್ ಇರುವ ಕಡೆ ವೋಲ್ಟೇಜ್ ಇಳಿದು ಬಲ್ಬು ಕುರುಡಾಗುತ್ತದೆ, ಕಡಿಮೆ ಲೋಡ್ ಇರುವ ಕಡೆ 300, 350 ದಾಟಿ 400ರ ಹತ್ತಿರಕ್ಕೆ ಹೋಗುತ್ತದೆ. ಒಂದೇ ಓಣಿಯಲ್ಲಿ ಒಂದು ಮನೆಯ ಬಲ್ಬು ಮಿಣಮಿಣ, ಇನ್ನೊಂದು ಮನೆಯದು ಹಾಡುಹಗಲು. ಈ ಲಕ್ಷಣ ಕಂಡರೆ ಯಾರನ್ನೂ ಕೇಳದೆ ತಕ್ಷಣ ಮೇನ್ ಬಂದ್ ಮಾಡಬೇಕು.

ಈ ವೋಲ್ಟೇಜ್ ಕಣ್ಣು ಮಿಟುಕಿಸಿ ಹೋಗುವಂಥದ್ದಲ್ಲ. ಕಂಬದ ಮೇಲಿನ ತಂತಿ ಕೂಡಿಸುವವರೆಗೂ ಇರುತ್ತದೆ. ಸರ್ಜ್ ಪ್ರೊಟೆಕ್ಟರ್ ಒಂದು ಕ್ಷಣದ ಉಕ್ಕಿಗೆ ಮಾಡಿದ ಸಾಮಾನು, ನಿಮಿಷಗಟ್ಟಲೆ ಹೆಚ್ಚಿನ ವೋಲ್ಟೇಜ್ ಬಂದರೆ ತಾನೇ ಕಾದು ಸಾಯುತ್ತದೆ. ಒಳ್ಳೆಯ ಕಂಪನಿಯದಾದರೆ ಒಳಗಿನ ಕಡಿತದ ವ್ಯವಸ್ಥೆ ಕೆಲಸ ಮಾಡಿ ಕಿಂಡಿ ಕೆಂಪಾಗುತ್ತದೆ. ಹಗುರ ಮಾಲಾದರೆ ಬೋರ್ಡಿಗೇ ಬೆಂಕಿ ಹತ್ತಬಹುದು. ಇದಕ್ಕೆ ಬೇಕಾದದ್ದು ಬೇರೆ ಯಂತ್ರ, ಹೆಚ್ಚು-ಕಡಿಮೆ ವೋಲ್ಟೇಜ್ ಬಂದರೆ ಲೈನನ್ನೇ ಕಡಿಯುವ ಕಟ್-ಆಫ್. ಸಾಮಾನ್ಯವಾಗಿ 270-280 ವೋಲ್ಟ್ ದಾಟಿದರೆ ಅಥವಾ 170ರ ಆಸುಪಾಸಿಗೆ ಇಳಿದರೆ ಅದು ಇಡೀ ಮನೆಯ ಕರೆಂಟ್ ಬಂದ್ ಮಾಡುತ್ತದೆ. ಲೈನ್ ಸರಿಯಾದ ಮೇಲೆ ಸ್ವಲ್ಪ ತಡೆದು ತಾನಾಗಿಯೇ ಚಾಲೂ ಮಾಡುತ್ತದೆ. ಆ ತಡೆಯಿಂದ ಫ್ರಿಜ್ಜಿನ ಕಂಪ್ರೆಸರೂ ಉಳಿಯುತ್ತದೆ. ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳದೆ ಇದನ್ನು ಯಾರೂ ತೋರಿಸುವುದಿಲ್ಲ.

ಕೋಡಿ ಇದ್ದರೆ ಸಾಲದು, ಹಳ್ಳವೂ ಬೇಕು

ಸರ್ಜ್ ಪ್ರೊಟೆಕ್ಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕೆರೆ ಕಂಡವರಿಗೆ ತಿಳಿಸುವುದು ಸುಲಭ. ಕೆರೆ ತುಂಬಿ ಒಡ್ಡು ಒಡೆಯಬಾರದೆಂದು ಕೋಡಿ ಇಡುತ್ತಾರೆ. ನೀರು ಮಟ್ಟ ಮೀರಿದರೆ ಕೋಡಿಯಿಂದ ಹರಿದು ಹಳ್ಳಕ್ಕೆ ಹೋಗುತ್ತದೆ. ಸರ್ಜ್ ಪ್ರೊಟೆಕ್ಟರ್ ಮನೆಯ ಕರೆಂಟಿನ ಕೋಡಿ. ಸಾಮಾನ್ಯ ದಿನ ಸುಮ್ಮನೆ ಇರುತ್ತದೆ. ಉಕ್ಕು ಬಂದಾಗ ಬಾಯಿ ತೆರೆದು ಅದನ್ನು ಅರ್ಥಿಂಗಿನ ತಂತಿಗೆ ಬಿಡುತ್ತದೆ. ಅರ್ಥಿಂಗ್ ಎಂದರೆ ಕೋಡಿಯ ಕೆಳಗಿನ ಹಳ್ಳ. ಹಳ್ಳವೇ ಮುಚ್ಚಿ ಹೋಗಿದ್ದರೆ ಕೋಡಿ ಎಷ್ಟು ಅಗಲ ಇದ್ದರೇನು, ನೀರು ಊರೊಳಗೇ ನುಗ್ಗುತ್ತದೆ.

ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಈ ಹಳ್ಳವೇ ಇಲ್ಲ. ಪ್ಲಗ್ಗಿನ ಮೂರನೇ ದೊಡ್ಡ ತೂತು ಬರೀ ಚಂದಕ್ಕೆ ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಘರಕುಲದ ಮನೆಗಳಲ್ಲಿ ನೋಡಿರಿ, ಹಳೆಯ ವಾಡೆಗಳಲ್ಲಿ ನೋಡಿರಿ. ಕೆಲವು ಕಡೆ ತಂತಿ ಇರುತ್ತದೆ, ಆದರೆ ಹಿತ್ತಲಲ್ಲಿ ಒಂದೂವರೆ ಅಡಿ ಹೂತ ಕಬ್ಬಿಣದ ಸಳಿಗೆ ಸುತ್ತಿರುತ್ತಾರೆ. ಇನ್ನು ಕೆಲವು ಕಡೆ ಬಹಳ ಅಪಾಯದ ರೂಢಿ ಇದೆ. ನ್ಯೂಟ್ರಲ್ ಹೋದಾಗ ಅರ್ಥಿಂಗಿನ ಮೇಲೆಯೇ ಬಲ್ಬು ಹಚ್ಚುವುದು. ಆ ಸಳಿಯನ್ನು, ಅದಕ್ಕೆ ತಾಗಿದ ತಗಡನ್ನು ಮುಟ್ಟಿದ ಕೂಸು ಅಥವಾ ದನ ಜೀವ ಬಿಡಬಹುದು. ಟಿವಿ ಉಳಿಸುವ ಮಾತು ಆಮೇಲೆ, ಈ ರೂಢಿಯನ್ನು ಇವತ್ತೇ ನಿಲ್ಲಿಸಬೇಕು.

ಬೇಸಿಗೆಯ ಒಣ ನೆಲ

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಬಹಳಷ್ಟು ನೆಲ ಮೇಲೆ ತುಸು ಕರಿ ಮಣ್ಣು, ಕೆಳಗೆ ಮುರಮ, ಅದರ ಕೆಳಗೆ ಕರಿಗಲ್ಲು. ಒಣ ಮುರಮ ಮತ್ತು ಕಲ್ಲಿನಲ್ಲಿ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಅದರ ಮೇಲೆ ಇನ್ನೊಂದು ತೊಂದರೆ. ಇಲ್ಲಿ ಗುಡುಗು-ಸಿಡಿಲು ಹೆಚ್ಚು ಬರುವುದು ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ, ಆಮೇಲೆ ಮಳೆ ತಿರುಗಿ ಹೋಗುವಾಗ. ಅಂದರೆ ಸಿಡಿಲು ಬರುವ ಹೊತ್ತಿಗೇ ನೆಲ ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಒಣಗಿರುತ್ತದೆ. ಶ್ರಾವಣದಲ್ಲಿ ಚಲೋ ಇದ್ದ ಅರ್ಥಿಂಗ್ ವೈಶಾಖದಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು.

ಆದ್ದರಿಂದ ಕುಳಿ ಆಳವಾಗಿಯೇ ಇರಬೇಕು. ರೂಢಿಯಲ್ಲಿರುವ ಪದ್ಧತಿ ಎಂದರೆ ಎರಡೂವರೆ ಮೀಟರ್, ಅಂದರೆ ಎಂಟು ಅಡಿಗಿಂತ ತುಸು ಹೆಚ್ಚು ಉದ್ದದ ಜಿಐ ಪೈಪು ಇಳಿಸಿ, ಸುತ್ತ ಇದ್ದಲಿ, ಉಪ್ಪು ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಡುವುದು. ಬಚ್ಚಲ ನೀರು ಹೋಗುವ ಕಡೆ, ತೆಂಗು ಅಥವಾ ಬಾಳೆ ಇರುವ ಕಡೆ ತೆಗೆದರೆ ನೆಲ ತಂಪಾಗಿರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಬೇಕು. ಟ್ಯಾಂಕರ್ ದಾರಿ ಕಾಯುವ ಊರಿನಲ್ಲಿ ನೆಲಕ್ಕೆ ನೀರು ಸುರಿ ಎಂದರೆ ಜನ ನಗುತ್ತಾರೆ. ಪಾತ್ರೆ ತೊಳೆದ ನೀರು ಹಾಕಿದರೂ ನಡೆಯುತ್ತದೆ. ಒಂದು ಕುಳಿಯಲ್ಲಿ ಆಗದಿದ್ದರೆ ಒಂದು ಪೈಪಿನ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು ಎರಡನೆಯದು ತೆಗೆದು ಎರಡನ್ನೂ ಕೂಡಿಸಬೇಕು.

ಕುಳಿ ತೆಗೆದ ಮೇಲೆ ಅಳೆಯಬೇಕು. "ಬಲ್ಬು ಹಚ್ಚಿ ನೋಡ್ಯಾನ್ರೀ, ಚಲೋ ಉರೀತದ" ಎಂಬುದು ಅಳತೆ ಅಲ್ಲ. ಅರ್ಥ್ ಟೆಸ್ಟರ್ ಇರುವ ವಾಯರಮನ್ ಕಡೆಯಿಂದ ಓಮ್ ಎಷ್ಟು ಬಂತು ಎಂದು ಬರೆಸಿಕೊಳ್ಳಬೇಕು. ಸಿಡಿಲು ರಕ್ಷಣೆಯ ಮಾನಕಗಳಲ್ಲಿ 10 ಓಮಿಗಿಂತ ಕೆಳಗೆ ಇರಲಿ ಎಂಬ ಸಲಹೆ ಇದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಅಳತೆಯನ್ನು ಮೇ ತಿಂಗಳಲ್ಲಿಯೇ ಮಾಡಿಸಿರಿ, ಆಗ ಖರೇ ಗೊತ್ತಾಗುತ್ತದೆ.

ಡಬ್ಬಿ ಮೇಲೆ ಏನು ಬರೆದಿದೆ?

ಅರ್ಥಿಂಗ್ ಸರಿಯಾಯಿತು, ವೋಲ್ಟೇಜ್ ಕಟ್-ಆಫ್ ಕೂತಿತು ಎಂದಿಟ್ಟುಕೊಳ್ಳಿರಿ. ಈಗ ಸರ್ಜ್ ಪ್ರೊಟೆಕ್ಟರಿನ ಸರದಿ. ಅಂಗಡಿಗೆ ಹೋದವರು ಡಬ್ಬಿಯ ಮೇಲಿನ ಐದು ಸಂಗತಿ ನೋಡಿದರೆ ಸಾಕು.

ಒಂದು, ಟೈಪ್. ಮನೆಯ ಮೇನ್ ಬೋರ್ಡಿಗೆ ಸಾಮಾನ್ಯವಾಗಿ ಟೈಪ್ 2 ಸಾಕು. ಮನೆಯ ಮೇಲೆ ಸಿಡಿಲು ಸಳಿ ಇದ್ದರೆ, ಅಥವಾ ಹೊಲದ ನಡುವೆ ಒಂಟಿ ಮನೆ ಇದ್ದು ಕಂಬದ ತಂತಿ ಬಹಳ ದೂರದಿಂದ ಬರುತ್ತಿದ್ದರೆ ಟೈಪ್ 1 ಮತ್ತು 2 ಎರಡೂ ಕೂಡಿದ್ದು ಬೇಕು. ಟಿವಿ ಹಿಂದೆ ಹಚ್ಚುವ ಸ್ಪೈಕ್ ಬೋರ್ಡುಗಳು ಟೈಪ್ 3. ಅವು ದೊಡ್ಡದರ ಜೊತೆಗೆ ಇದ್ದರೆ ಉಪಯೋಗ, ಅವೊಂದನ್ನೇ ನಂಬಬಾರದು.

ಎರಡು, ಯುಸಿ ಎಂದು ಬರೆದ ವೋಲ್ಟೇಜ್. ಡಬ್ಬಿ ದಿನಾಲೂ ತಡೆದುಕೊಳ್ಳುವ ಮಿತಿ ಇದು. 275 ಮತ್ತು 320 ಎರಡೂ ಸಿಗುತ್ತವೆ. ರಾತ್ರಿ ಮೋಟಾರುಗಳು ಬಂದ್ ಆದ ಮೇಲೆ ವೋಲ್ಟೇಜ್ ಏರುವ ನಮ್ಮ ಕಡೆ 320 ತೆಗೆದುಕೊಳ್ಳುವುದು ಚಲೋ.

ಮೂರು, ಯುಪಿ. ಉಕ್ಕು ಬಂದಾಗ ಡಬ್ಬಿ ದಾಟಿ ಮನೆಯೊಳಗೆ ಎಷ್ಟು ವೋಲ್ಟ್ ಹೋಗುತ್ತದೆ ಎಂಬ ಲೆಕ್ಕ. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು, 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇರಲಿ. ಸಾಮಾನ್ಯ ಮನೆಸಾಮಾನು 2.5 ಕಿಲೋವೋಲ್ಟ್ ತಡೆಯಬೇಕೆಂದು ಮಾನಕ ಇದೆ, ನಾಜೂಕು ಎಲೆಕ್ಟ್ರಾನಿಕ್ ಸಾಮಾನಿಗೆ 1.5.

ನಾಲ್ಕು, ಕಿಲೋ ಆಂಪಿಯರ್. ಅಂಗಡಿಯವರು ದೊಡ್ಡ ದೊಡ್ಡ ಅಂಕಿ ಹೇಳಿ ಮರುಳು ಮಾಡುವುದು ಇಲ್ಲಿಯೇ. ಮನೆಗೆ 20 ಕಿಲೋ ಆಂಪಿಯರ್ ನಾಮಿನಲ್, 40 ಮ್ಯಾಕ್ಸಿಮಮ್ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಕೊಡುವ ರೊಕ್ಕ ಅರ್ಥಿಂಗಿಗೆ ಹಾಕಿರಿ.

ಐದು, ಐಇಸಿ 61643-11 ಎಂಬ ಮಾನಕದ ನಂಬರು, ಹಸಿರು-ಕೆಂಪು ಕಿಂಡಿ ಮತ್ತು ಒಳಗಿನ ತುಂಡು ಮಾತ್ರ ಬದಲಿಸುವ ಸೌಲಭ್ಯ. ಕಿಂಡಿ ಇಲ್ಲದ ಡಬ್ಬಿ ಸತ್ತಿದೆಯೋ ಬದುಕಿದೆಯೋ ತಿಳಿಯುವುದೇ ಇಲ್ಲ.

ಕೂಡಿಸುವ ಕೆಲಸದಲ್ಲಿ ವಾಯರಮನ್ ಮಾಡುವ ದೊಡ್ಡ ತಪ್ಪು ಉದ್ದ ತಂತಿ. ಬೋರ್ಡು ಚಂದ ಕಾಣಲೆಂದು ತಂತಿಯನ್ನು ಸುತ್ತಿ ಸುತ್ತಿ ತರುತ್ತಾರೆ. ಸಿಡಿಲಿನ ಉಕ್ಕಿಗೆ ತಂತಿಯ ಉದ್ದವೇ ಅಡ್ಡಗೋಡೆ. ಒಂದು ಮೀಟರ್ ತಂತಿ ಹೆಚ್ಚಾದರೆ ಸುಮಾರು ಒಂದು ಕಿಲೋವೋಲ್ಟ್ ಮನೆಯೊಳಗಿನ ಸಾಮಾನಿನ ಮೇಲೆ ಹೆಚ್ಚು ಬೀಳಬಹುದು. ಡಬ್ಬಿಗೆ ಬರುವ ಮತ್ತು ಡಬ್ಬಿಯಿಂದ ಬೋರ್ಡಿನ ಅರ್ಥ್ ಪಟ್ಟಿಗೆ ಹೋಗುವ ತಂತಿ ಎರಡೂ ಕೂಡಿ ಅರ್ಧ ಮೀಟರ್ ಒಳಗೆ ಇರಬೇಕು, ನೆಟ್ಟಗೆ ಇರಬೇಕು. ಅರ್ಥಿಂಗಿಗೆ ಕನಿಷ್ಠ 6 ಚದರ ಮಿಲಿಮೀಟರ್ ತಾಮ್ರ ಇರಲಿ. ಡಬ್ಬಿಗೆ ಅದರದೇ ಫ್ಯೂಸು ಅಥವಾ ಎಂಸಿಬಿ ಇರಬೇಕು. ನಮ್ಮ ಮನೆಗಳ ಹಾಗೆ ಸ್ವಂತ ಕುಳಿಯ ಅರ್ಥಿಂಗ್ ಇರುವಲ್ಲಿ "1+1" ಎಂದು ಬರೆದ ಡಬ್ಬಿ ಕೇಳಿ ತರಬೇಕು. ಅದರಲ್ಲಿ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಬೇರೆ ನಮೂನೆಯ ತುಂಡು ಇರುತ್ತದೆ, ಡಬ್ಬಿ ಕೆಟ್ಟರೂ ಅರ್ಥಿಂಗಿನ ತಂತಿಗೆ ಕರೆಂಟು ಹತ್ತುವುದಿಲ್ಲ. ಮೂರು ಫೇಸಿನ ಮನೆಯಾದರೆ "3+1".

ಇದರ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದು ಬೇಕೇ ಬೇಕು. ಅದು ಸಾಮಾನು ಉಳಿಸುವುದಿಲ್ಲ, ಮನುಷ್ಯರನ್ನು ಉಳಿಸುತ್ತದೆ. ಛತ್ತಿನ ಮೇಲೆ ಸೋಲಾರ್ ಹಾಕಿಸಿದವರು ನೆನಪಿಡಬೇಕಾದ ಮಾತು, ಪ್ಯಾನೆಲ್ ಕಡೆಯ ಡಿಸಿ ಲೈನಿಗೆ ಬೇರೆ ಸರ್ಜ್ ಪ್ರೊಟೆಕ್ಟರ್ ಬೇಕು, ಮನೆಯ ಬೋರ್ಡಿನದು ಅದಕ್ಕೆ ನಡೆಯುವುದಿಲ್ಲ. ಡಿಶ್ ಟಿವಿಯ ಕೇಬಲ್ಲಿನಿಂದಲೂ ಉಕ್ಕು ಒಳಗೆ ಬರುತ್ತದೆ, ಡಿಶ್ಶಿನ ಕಬ್ಬಿಣವನ್ನೂ ಅದೇ ಅರ್ಥಿಂಗಿಗೆ ಕೂಡಿಸಬೇಕು.

ಲೆಕ್ಕ ಹಾಕಿ ನೋಡಿದರೆ

"ಇಷ್ಟೆಲ್ಲಾ ಸಾವ್ಕಾರ್ ಮಂದಿಗೆ ಸರಿ ರೀ, ನಾವು ಪ್ಲಗ್ ಕಿತ್ತಿ ಇಟ್ಟರ ಮುಗೀತು" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತಥ್ಯವಿದೆ. ಮೋಡ ಕಟ್ಟಿದ ಕೂಡಲೇ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕಿತ್ತಿಡುವುದಕ್ಕಿಂತ ಒಳ್ಳೆಯ ರಕ್ಷಣೆ ಯಾವ ಡಬ್ಬಿಯಲ್ಲೂ ಇಲ್ಲ, ಅದಕ್ಕೆ ರೊಕ್ಕವೂ ಬೇಡ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿದ್ದರೆ ಸಿಡಿಲಿನ ಮುನ್ಸೂಚನೆಯೂ ಸಿಗುತ್ತದೆ. ಆದರೆ ತಲೆ ಮೇಲೆ ಗುಡುಗುವಾಗ ಪ್ಲಗ್ ಮುಟ್ಟಬಾರದು. ಮನೆಮಂದಿ ದ್ರಾಕ್ಷಿ ತೋಟದಲ್ಲಿದ್ದಾಗ, ರಾತ್ರಿ ಮಲಗಿದಾಗ, ಕಬ್ಬು ಕಡಿಯಲು ಹೋಗಿ ಮನೆಗೆ ಬೀಗ ಹಾಕಿದಾಗ ಪ್ಲಗ್ ಕೀಳುವವರು ಯಾರು? ನ್ಯೂಟ್ರಲ್ ಕಡಿಯುವುದಕ್ಕಂತೂ ಮೋಡದ ಮುನ್ಸೂಚನೆಯೇ ಇರುವುದಿಲ್ಲ.

ಇನ್ನು ರೊಕ್ಕದ ಮಾತು. ಊರು, ಕಂಪನಿ ನೋಡಿ ದರ ಬದಲಾಗುತ್ತದೆ. ಆದರೂ ಒಂದು ಫೇಸಿನ ಸಾಧಾರಣ ಮನೆಗೆ ಕುಳಿ, ಪೈಪು, ಕೂಲಿ ಸೇರಿ ಎರಡರಿಂದ ಐದು ಸಾವಿರ, ವೋಲ್ಟೇಜ್ ಕಟ್-ಆಫ್ ಒಂದರಿಂದ ಎರಡು ಸಾವಿರ, ಸರ್ಜ್ ಪ್ರೊಟೆಕ್ಟರ್ ಎರಡರಿಂದ ನಾಲ್ಕು ಸಾವಿರದ ಆಸುಪಾಸು. ಎಲ್ಲ ಕೂಡಿದರೂ ಒಂದು ಫ್ರಿಜ್ಜಿನ ಅರ್ಧ ಬೆಲೆಯ ಹತ್ತಿರ ನಿಲ್ಲುತ್ತದೆ. ಕೈಯಲ್ಲಿ ಐದೇ ಸಾವಿರ ಇದ್ದರೆ? ಮೊದಲು ಅರ್ಥಿಂಗ್, ಆಮೇಲೆ ಕಟ್-ಆಫ್. ಸರ್ಜ್ ಪ್ರೊಟೆಕ್ಟರ್ ಮುಂದಿನ ಸುಗ್ಗಿಗೆ ಬಂದರೂ ನಡೆಯುತ್ತದೆ. ಅಂಗಡಿಯವರು ಹೇಳುವ ಕ್ರಮ ಇದಕ್ಕೆ ಉಲ್ಟಾ ಇರುತ್ತದೆ, ಯಾಕೆಂದರೆ ಮುರಮ ಅಗೆಯುವುದರಲ್ಲಿ ಅವರಿಗೆ ಲಾಭವಿಲ್ಲ.

"ಇನ್ಶುರನ್ಸ್ ಅದಲ್ಲ" ಎಂದು ನಿಶ್ಚಿಂತರಾಗಿರುವವರು ಪಾಲಿಸಿಯ ಸಣ್ಣ ಅಕ್ಷರ ಓದಬೇಕು. 2021ರ ಏಪ್ರಿಲ್‌ನಿಂದ ಬಂದ 'ಭಾರತ ಗೃಹ ರಕ್ಷಾ' ಪಾಲಿಸಿಯಲ್ಲಿ ಸಿಡಿಲಿನಿಂದ ಮನೆಗೆ ಆದ ಹಾನಿ ಸೇರಿದೆ. ಆದರೆ ವಿದ್ಯುತ್ ಯಂತ್ರವೊಂದು ಹೆಚ್ಚಿನ ಒತ್ತಡ ಅಥವಾ ಶಾರ್ಟ್ ಸರ್ಕಿಟ್‌ನಿಂದ ತಾನೇ ಸುಟ್ಟರೆ, ಕಾರಣ ಸಿಡಿಲೇ ಆಗಿದ್ದರೂ, ಆ ಯಂತ್ರದ ಹಾನಿ ಅದರಲ್ಲಿ ಬರುವುದಿಲ್ಲ. ಅದರಿಂದ ಬೆಂಕಿ ಹಬ್ಬಿ ಬೇರೆ ಸಾಮಾನು ಸುಟ್ಟರೆ ಅವು ಬರುತ್ತವೆ. ವಾರಂಟಿ ಕಾರ್ಡುಗಳಲ್ಲೂ ವೋಲ್ಟೇಜಿನಿಂದ ಸುಟ್ಟದ್ದನ್ನು ಸಾಮಾನ್ಯವಾಗಿ ಹೊರಗೆ ಇಟ್ಟಿರುತ್ತಾರೆ. ಕಂತಿನವನು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತಾನೆ. ಗುರೂಜಿ ಈಗಲೂ ಓಡದ ಫ್ರಿಜ್ಜಿನ ಕಂತು ಕಟ್ಟುತ್ತಿದ್ದಾರೆ.

ಕಂಪನಿಯ ಪಾಲು ಕಂಪನಿಯೇ ಮಾಡಲಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನ್ಯೂಟ್ರಲ್ ಗಟ್ಟಿ ಇಡುವುದು, ಡಿಪಿಯ ಅರ್ಥಿಂಗ್ ಜೀವಂತ ಇಡುವುದು ಮನೆ ಮಾಲೀಕರ ಕೆಲಸವಲ್ಲ, ಕರೆಂಟ್ ಕೊಡುವ ಕಂಪನಿಯ ಕೆಲಸ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷಾ ನಿಯಮಗಳು 2010ರಲ್ಲಿ ಬಂದು 2023ರಲ್ಲಿ ಹೊಸದಾಗಿವೆ. ಮೂರು ಫೇಸು ಲೈನಿನ ನ್ಯೂಟ್ರಲ್ಲನ್ನು ಡಿಪಿಯಲ್ಲಿ ಕನಿಷ್ಠ ಎರಡು ಬೇರೆ ಬೇರೆ ಕಡೆ ನೆಲಕ್ಕೆ ಕೂಡಿಸಬೇಕು ಎಂಬುದು ಅವುಗಳ ಆಶಯ. ಊರ ಡಿಪಿಯ ಬುಡಕ್ಕೆ ಹೋಗಿ ದೂರದಿಂದ ನೋಡಿರಿ. ಎರಡು ಪಟ್ಟಿ ನೆಲಕ್ಕೆ ಇಳಿದಿವೆಯೇ? ಇಳಿದಿದ್ದರೆ ತುಕ್ಕು ತಿಂದು ತುಂಡಾಗಿವೆಯೇ? ಯಾರಾದರೂ ಕಡಿದು ಗುಜರಿಗೆ ಹಾಕಿದ್ದಾರೆಯೇ? ಮುಟ್ಟಬೇಡಿರಿ, ನೋಡಿ ಬರೆದುಕೊಳ್ಳಿರಿ.

ಬಾಯಿ ಮಾತಿನ ದೂರು ಗಾಳಿಗೆ ಹೋಗುತ್ತದೆ. ದೇಶದೆಲ್ಲೆಡೆ ವಿದ್ಯುತ್ ದೂರಿಗೆ ಮೀಸಲಾದ 1912ಕ್ಕೆ ಫೋನ್ ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಬೇಕು. ಅದರ ಜೊತೆಗೆ ಓಣಿಯ ಹತ್ತು ಮನೆಯವರು ಸಹಿ ಮಾಡಿ ಮರಾಠಿಯಲ್ಲಿ ಅರ್ಜಿ ಬರೆದು, ಉಪವಿಭಾಗದ ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಶಿಕ್ಕಾ ಹೊಡೆಸಿ ಪೋಚ ತೆಗೆದುಕೊಳ್ಳಬೇಕು. ಅಲ್ಲಿ ಕೆಲಸ ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯ 42ನೇ ಕಲಮಿನ ಪ್ರಕಾರ ಗ್ರಾಹಕ ತಕರಾರು ನಿವಾರಣಾ ಮಂಚ ಇದೆ, ಅದರ ಮೇಲೆ ವಿದ್ಯುತ್ ಲೋಕಪಾಲ ಇದ್ದಾರೆ. ಗ್ರಾಮಸಭೆಯಲ್ಲಿ ರಸ್ತೆ, ಗಟಾರಿನ ಜೊತೆಗೆ ಡಿಪಿಯ ಅರ್ಥಿಂಗಿನ ಠರಾವೂ ಆಗಲಿ. ಪೋಚ ಇಲ್ಲದವನ ನಷ್ಟ ಯಾವ ಕಚೇರಿಯ ಲೆಕ್ಕಕ್ಕೂ ಬರುವುದಿಲ್ಲ. ಗಡಿ ಆಚೆ ವಿಜಯಪುರ, ಕಲಬುರಗಿ ಕಡೆಯ ಬೀಗರ ಊರಿನಲ್ಲೂ ಇದೇ ಪಾಡು. ಅಲ್ಲಿ ಟಿಸಿ ಎನ್ನುತ್ತಾರೆ, ಇಲ್ಲಿ ಡಿಪಿ ಎನ್ನುತ್ತಾರೆ, ನ್ಯೂಟ್ರಲ್ ಕಡಿದರೆ ಎರಡೂ ಕಡೆ ಟಿವಿ ಸುಡುತ್ತದೆ.

ತಿಳಿಯುವ ಭಾಷೆಯಲ್ಲಿ ಒಂದು ಹಾಳೆ

ಗಡಿಭಾಗದ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ಬಿಲ್ಲು ಮರಾಠಿಯಲ್ಲಿ, ಡಬ್ಬಿಯ ಮಾಹಿತಿ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಗಂಡಸರು ಪೇಟೆಯಲ್ಲಿ ಮರಾಠಿ ಆಡುತ್ತಾರೆ, ಹೇಗೋ ನಡೆಯುತ್ತದೆ. ಹಗಲು ಹೊತ್ತು ಮನೆಯಲ್ಲಿರುವ ತಾಯಿಗೆ, ಸೊಸೆಗೆ ಕೆಂಪು ಕಿಂಡಿ ಎಂದರೆ ಏನು, ಬಲ್ಬು ಜೋರಾದರೆ ಯಾವ ಖಟಕಾ ಒತ್ತಬೇಕು ಎಂದು ಹೇಳಿಕೊಟ್ಟವರಿಲ್ಲ. ಅಪಾಯ ಬಂದಾಗ ಬೋರ್ಡಿನ ಮುಂದೆ ಇರುವವರು ಅವರೇ. ಐಟಿಐ ಕಲಿತ ಕನ್ನಡ ಹುಡುಗರು ಪ್ರತಿ ಊರಲ್ಲಿ ಇದ್ದಾರೆ. ಕನ್ನಡ ಶಾಲೆಯ ಗುರೂಜಿಗಳೂ ಅವರೂ ಕೂಡಿ ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದು ಮನೆ ಮನೆಯ ಮೀಟರ್ ಪಕ್ಕ ಅಂಟಿಸಿದರೆ ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಆ ಹಾಳೆಯಲ್ಲಿ ಬಹಳ ಬರೆಯುವುದೂ ಬೇಡ. ಬಲ್ಬು ಜೋರಾದರೆ ಅಥವಾ ಕುರುಡಾದರೆ ಮೇನ್ ಬಂದ್ ಮಾಡು. ಗುಡುಗುವ ಮೊದಲು ಪ್ಲಗ್ ಕೀಳು. ಕಿಂಡಿ ಕೆಂಪಾದರೆ ವಾಯರಮನ್ನನ್ನು ಕರೆ. ಅರ್ಥಿಂಗಿನ ಕುಳಿಗೆ ನೀರು ಹಾಕು. ಅರ್ಥಿಂಗಿನ ಮೇಲೆ ಬಲ್ಬು ಹಚ್ಚಬೇಡ. ತಂತಿ ಕಡಿದು ಬಿದ್ದರೆ ಹತ್ತಿರ ಹೋಗಬೇಡ, 1912ಕ್ಕೆ ಫೋನ್ ಮಾಡು.

ಗುರೂಜಿಯವರ ಮನೆಯ ಹಿತ್ತಲಲ್ಲಿ ಈಗ ಬಾಳೆಗಿಡದ ಪಕ್ಕ ಎಂಟು ಅಡಿಯ ಕುಳಿ ಆಗಿದೆ. ಬೋರ್ಡಿನಲ್ಲಿ ಕಟ್-ಆಫ್ ಕೂತಿದೆ. ಸರ್ಜ್ ಪ್ರೊಟೆಕ್ಟರಿಗೆ ಹೊಸ ತುಂಡು ತರಲು ಮಗನಿಗೆ ಹೇಳಿದ್ದಾರೆ, ಈ ಸಲ ಕಿಂಡಿ, ನಂಬರು ಎಲ್ಲ ಚೀಟಿಯಲ್ಲಿ ಬರೆದು ಕೊಟ್ಟು. ಕಂಬದ ಮೇಲಿನ ನ್ಯೂಟ್ರಲ್ಲಿಗೆ ಮಾತ್ರ ಇನ್ನೂ ತಾತ್ಪೂರ್ತಿಕ ಗಂಟೇ ಇದೆ. ಓಣಿಯವರ ಅರ್ಜಿಗೆ ಪೋಚ ಸಿಕ್ಕಿದೆ. ಗುರೂಜಿ ಅದನ್ನು ಮೀಟರಿನ ಹಿಂದೆ ಜೋಪಾನವಾಗಿ ಇಟ್ಟಿದ್ದಾರೆ. ಅಡ್ಡಮಳೆ ಬರುವ ಮೊದಲು ಆ ಗಂಟು ಬಿಚ್ಚಿ ಗಟ್ಟಿ ಜೋಡಣೆ ಮಾಡುವವರು ಕಂಬ ಹತ್ತಬೇಕು.